ನಕ್ಷೆಯ ಗೆರೆಯಲ್ಲೇ ನಿಗದಿಯಾಗುವ ವೆಚ್ಚ

ಕಂಪ್ಯೂಟರ್ ಪರದೆಯ ಮೇಲೆ ಲೋಹದ ತುಂಡೊಂದರಲ್ಲಿ ಚೌಕನೆಯ ಕುಳಿ ಬರೆಯಲು ವಿನ್ಯಾಸಕರಿಗೆ ಕೆಲವೇ ಕ್ಷಣ ಸಾಕು. ನಾಲ್ಕು ಒಳಮೂಲೆಗಳೂ ಚೂಪಾಗಿ, ಅಚ್ಚುಕಟ್ಟಾಗಿ ಕೂಡಿಕೊಳ್ಳುತ್ತವೆ. ಆದರೆ ಆ ಕುಳಿಯನ್ನು ಕೊರೆಯಬೇಕಾದ ಮಿಲ್ಲಿಂಗ್ ಯಂತ್ರದ ಕಟರ್ ದುಂಡಗಿರುತ್ತದೆ. ತಿರುಗುವ ಕಟರ್ ಒಳಮೂಲೆಯಲ್ಲಿ ತನ್ನ ತ್ರಿಜ್ಯದಷ್ಟು ದುಂಡನ್ನು ಬಿಟ್ಟೇ ಬರುತ್ತದೆ. ಮೂಲೆ ನಿಜಕ್ಕೂ ಚೂಪಾಗಬೇಕೆಂದರೆ ತುಂಡನ್ನು ಬೇರೊಂದು ಯಂತ್ರಕ್ಕೆ ಒಯ್ದು, ವಿದ್ಯುತ್ ಕಿಡಿಗಳಿಂದ ಲೋಹವನ್ನು ಕಣಕಣವಾಗಿ ಸವೆಸಬೇಕು. ಅನೇಕ ಸಲ ಆ ಮೂಲೆ ಚೂಪಾಗಿರುವ ಅಗತ್ಯವೇ ಇರುವುದಿಲ್ಲ. ಬರೆಯುವಾಗ ಹಾಗೆ ಬಂತು, ಯಾರೂ ಪ್ರಶ್ನಿಸಲಿಲ್ಲ, ಅಷ್ಟೇ.

ತಯಾರಿಕಾ ವೆಚ್ಚವೆಂದರೆ ಕಾರ್ಖಾನೆಯ ವಿಷಯ, ಖರೀದಿ ವಿಭಾಗದ ಚೌಕಾಸಿಯ ವಿಷಯ ಎಂಬ ನಂಬಿಕೆ ಇಂದಿಗೂ ಗಟ್ಟಿಯಾಗಿದೆ. ನನ್ನ ದೃಷ್ಟಿಯಲ್ಲಿ ಇದು ದುಬಾರಿ ತಪ್ಪು. ಯಾವ ಯಂತ್ರ ಬೇಕು, ತುಂಡನ್ನು ಎಷ್ಟು ಸಲ ತಿರುಗಿಸಿ ಕೂರಿಸಬೇಕು, ಎಷ್ಟು ಭಾಗಗಳನ್ನು ಕೈಯಿಂದ ಜೋಡಿಸಬೇಕು ಎಂಬುದೆಲ್ಲ ಆಕಾರದೊಳಗೇ ಅಡಗಿದೆ. ಆಕಾರ ಗಟ್ಟಿಯಾದ ಮೇಲೆ ಹಿಂಡಲು ಉಳಿಯುವುದು ಕೂಲಿ, ಕಚ್ಚಾವಸ್ತುವಿನ ಗುಣಮಟ್ಟ ಮತ್ತು ಬಿಡಿಭಾಗ ಪೂರೈಸುವವರ ಲಾಭ ಮಾತ್ರ. ಈ ಮೂರನ್ನು ಹಿಂಡಿದರೂ ಕೊನೆಗೆ ಪೆಟ್ಟು ಬೀಳುವುದು ವಸ್ತುವಿನ ಮೇಲೆಯೇ.

ಟಾಲರೆನ್ಸ್, ಅಂದರೆ ಅಳತೆಯಲ್ಲಿ ಎಷ್ಟು ಏರುಪೇರಾದರೂ ನಡೆಯುತ್ತದೆ ಎಂದು ಹೇಳುವ ಚಿಕ್ಕ ಸಂಖ್ಯೆಯನ್ನೇ ನೋಡಿ. ಅಳತೆಯೊಂದರ ಪಕ್ಕದಲ್ಲಿ 0.1 ಮಿಲಿಮೀಟರ್ ಬದಲು 0.01 ಎಂದು ಬರೆಯಲು ಹೆಚ್ಚಿಗೆ ಬೇಕಾದದ್ದು ಒಂದು ಸೊನ್ನೆ. ಆದರೆ 100 ಮಿಲಿಮೀಟರ್ ಉದ್ದದ ಉಕ್ಕಿನ ಸರಳು ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 0.0012 ಮಿಲಿಮೀಟರ್ ಹಿಗ್ಗುತ್ತದೆ. ಕೋಣೆಯ ಉಷ್ಣಾಂಶ ಹತ್ತು ಡಿಗ್ರಿ ಏರಿದರೆ ಆ 0.01 ಪೂರ್ತಿ ಕರಗಿಹೋಗುತ್ತದೆ. ಉದ್ದವನ್ನು ಅಳೆಯಲು 20 ಡಿಗ್ರಿ ಸೆಲ್ಸಿಯಸ್ ಎಂಬ ಅಂತರರಾಷ್ಟ್ರೀಯ ಮಾನಕ ಇರುವುದು ಇದಕ್ಕಾಗಿಯೇ. ಆ ಒಂದು ಸೊನ್ನೆಯ ಹಿಂದೆ ಉಜ್ಜುವ ಯಂತ್ರ, ತಂಪಾದ ಅಳತೆ ಕೋಣೆ ಮತ್ತು ತಿರಸ್ಕೃತ ತುಂಡುಗಳ ರಾಶಿ ಸಾಲುಗಟ್ಟಿ ಬರುತ್ತವೆ. ಬೇರಿಂಗ್ ಕೂರುವ ಕಡೆ ಆ ನಿಖರತೆ ಬೇಕೇಬೇಕು. ಹೊರಗಿನ ಮುಚ್ಚಳಕ್ಕೆ ಯಾಕೆ ಬೇಕು?

ಪ್ಲಾಸ್ಟಿಕ್ ಅಚ್ಚಿನ ಕೆಲಸದಲ್ಲಿ ಈ ಲೆಕ್ಕಾಚಾರ ಇನ್ನೂ ಸ್ವಾರಸ್ಯಕರ. ಕರಗಿದ ಪ್ಲಾಸ್ಟಿಕ್ಕನ್ನು ಉಕ್ಕಿನ ಅಚ್ಚಿಗೆ ಒತ್ತಡದಿಂದ ತುಂಬಿ, ಅದು ಗಟ್ಟಿಯಾಗುವವರೆಗೆ ಕಾಯಬೇಕು. ಒಂದು ಸುತ್ತಿನಲ್ಲಿ ಸಾಮಾನ್ಯವಾಗಿ ಹೆಚ್ಚು ಹೊತ್ತು ಹಿಡಿಯುವುದು ಈ ತಣಿಯುವ ಹಂತವೇ. ಪ್ಲಾಸ್ಟಿಕ್ ಶಾಖವನ್ನು ನಿಧಾನವಾಗಿ ಬಿಟ್ಟುಕೊಡುವ ವಸ್ತುವಾದ್ದರಿಂದ ತಣಿಯುವ ಕಾಲ ಗೋಡೆಯ ದಪ್ಪದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. 2 ಮಿಲಿಮೀಟರ್ ಗೋಡೆಯನ್ನು 4 ಮಿಲಿಮೀಟರ್ ಮಾಡಿದರೆ ಪ್ಲಾಸ್ಟಿಕ್ ಎರಡು ಪಟ್ಟು, ಕಾಯುವ ಹೊತ್ತು ನಾಲ್ಕು ಪಟ್ಟು. ಬಲ ಹೆಚ್ಚಲಿ ಎಂದು ದಪ್ಪ ಮಾಡಿದ ಜಾಗದಲ್ಲಿ ಒಳಗಿನ ಪ್ಲಾಸ್ಟಿಕ್ ತಡವಾಗಿ ತಣಿದು ಕುಗ್ಗುವಾಗ ಮೇಲ್ಮೈಯನ್ನು ಒಳಕ್ಕೆ ಎಳೆದು ತಗ್ಗು ಮಾಡುತ್ತದೆ. ಹಣವೂ ಹೋಯಿತು, ಅಂದವೂ ಹೋಯಿತು. ಅನುಭವಿ ವಿನ್ಯಾಸಕರು ಗೋಡೆಯನ್ನು ತೆಳುವಾಗಿಯೇ ಇಟ್ಟು, ಒಳಬದಿಯಲ್ಲಿ ಗೋಡೆಯ ಅರ್ಧದಷ್ಟೋ ತುಸು ಹೆಚ್ಚೋ ದಪ್ಪದ ಪಕ್ಕೆಗಳನ್ನು ಕೊಟ್ಟು ಬಲ ತುಂಬುತ್ತಾರೆ.

ಅದೇ ರೀತಿ, ನೇರ ನಿಂತ ಗೋಡೆಗೆ ಒಂದೆರಡು ಡಿಗ್ರಿ ಓರೆ ಕೊಡದಿದ್ದರೆ ವಸ್ತು ಅಚ್ಚಿಗೆ ಕಚ್ಚಿಕೊಳ್ಳುತ್ತದೆ. ಪಕ್ಕದಲ್ಲೊಂದು ಕೊಕ್ಕೆಯೋ ತೂತೋ ಇದ್ದರೆ ಅಚ್ಚು ತೆರೆಯುವಾಗ ಅಡ್ಡಕ್ಕೆ ಸರಿಯುವ ಪ್ರತ್ಯೇಕ ಉಕ್ಕಿನ ಭಾಗ ಬೇಕಾಗುತ್ತದೆ. ಅಚ್ಚಿನ ಬೆಲೆ ಅಲ್ಲಿಂದಲೇ ಏರುತ್ತದೆ. ಆ ತೂತನ್ನು ತುಸು ಸರಿಸಿ ಅಥವಾ ಅಂಚಿನವರೆಗೆ ತೆರೆದು, ಅಚ್ಚು ತೆರೆಯುವ ದಿಕ್ಕಿನಲ್ಲೇ ಬಿಡಿಸಿಕೊಳ್ಳುವಂತೆ ಮಾಡಲು ಬಹಳ ಸಲ ಸಾಧ್ಯ. ಆದರೆ ಈ ಮಾತು ಹೊಳೆಯುವುದು ಅಚ್ಚು ಮಾಡುವವರಿಗೆ, ಅವರನ್ನು ಕರೆಯುವುದು ಎಲ್ಲ ಮುಗಿದ ಮೇಲೆ.

ಅಚ್ಚು ತಯಾರಕರ ಜಾಣ್ಮೆಯೊಂದನ್ನು ಇಲ್ಲಿ ಹೇಳಲೇಬೇಕು. ಅಚ್ಚಿನಿಂದ ಉಕ್ಕನ್ನು ಕೆತ್ತಿ ತೆಗೆಯುವುದು ಸುಲಭ, ತೆಗೆದ ಉಕ್ಕನ್ನು ಮತ್ತೆ ಸೇರಿಸಲು ವೆಲ್ಡಿಂಗ್ ಮಾಡಬೇಕು. ಹೀಗಾಗಿ ಖಚಿತವಿಲ್ಲದ ಅಳತೆ ಇರುವ ಕಡೆ ಅವರು ಉಕ್ಕನ್ನು ಸ್ವಲ್ಪ ಹೆಚ್ಚಿಗೆ ಉಳಿಸಿಕೊಂಡು ಅಚ್ಚು ಮಾಡುತ್ತಾರೆ. ಮೊದಲ ಪರೀಕ್ಷೆಯಲ್ಲಿ ಭಾಗ ತೆಳುವಾಗಿ ಬಂದರೆ ಆಗ ಅಚ್ಚನ್ನು ಕೆತ್ತಿ ಭಾಗವನ್ನು ದಪ್ಪ ಮಾಡಬಹುದು. ಯಾವ ಅಳತೆ ಬದಲಾಗಬಹುದು ಎಂದು ವಿನ್ಯಾಸಕರು ಮೊದಲೇ ತಿಳಿಸಿದ್ದರೆ ಮಾತ್ರ ಈ ಉಪಾಯ ಫಲಿಸುತ್ತದೆ.

ಇವೆಲ್ಲಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ: ಎಷ್ಟು ತಯಾರಿಸುತ್ತೇವೆ? ಅಚ್ಚಿಗೆ ಒಮ್ಮೆಗೇ ದೊಡ್ಡ ಮೊತ್ತ ಹಾಕಬೇಕು, ಆಮೇಲೆ ಪ್ರತಿ ಭಾಗ ಅಗ್ಗ. ಮೂರು ಆಯಾಮದ ಮುದ್ರಣಕ್ಕೆ (3ಡಿ ಪ್ರಿಂಟಿಂಗ್) ಅಚ್ಚು ಬೇಡ, ಆದರೆ ನೂರನೆಯ ಭಾಗವೂ ಮೊದಲನೆಯದರಷ್ಟೇ ದುಬಾರಿ. ನೂರು ಬೇಕಾದಾಗ ಸರಿಯಾದ ವಿನ್ಯಾಸ ಲಕ್ಷ ಬೇಕಾದಾಗ ತಪ್ಪಾಗುತ್ತದೆ, ಏಕೆಂದರೆ ವಿಧಾನ ಬದಲಾದರೆ ಆಕಾರದ ನಿಯಮಗಳೂ ಬದಲಾಗುತ್ತವೆ.

ಭಾಗಗಳ ಸಂಖ್ಯೆಯ ವಿಷಯವನ್ನು ಶಿಸ್ತಾಗಿ ಚಿಂತಿಸಿದವರು ಎಂಜಿನಿಯರಿಂಗ್ ಪ್ರಾಧ್ಯಾಪಕರಾದ ಜೆಫ್ರಿ ಬೂತ್‌ರಾಯ್ಡ್ ಮತ್ತು ಪೀಟರ್ ಡ್ಯೂಹರ್ಸ್ಟ್. ಪ್ರತಿ ಬಿಡಿಭಾಗಕ್ಕೂ ಅವರು ಮೂರು ಪ್ರಶ್ನೆ ಹಾಕಿದರು: ಇದು ಉಳಿದವುಗಳಿಗೆ ಹೋಲಿಸಿದರೆ ಚಲಿಸಲೇಬೇಕೆ? ಬೇರೆ ವಸ್ತುವಿನಿಂದಲೇ ಆಗಿರಬೇಕೆ? ಬೇರೆಯಾಗಿರದಿದ್ದರೆ ಉಳಿದ ಭಾಗಗಳನ್ನು ಜೋಡಿಸಲು, ಬಿಚ್ಚಲು ಆಗುವುದಿಲ್ಲವೆ? ಮೂರಕ್ಕೂ ಇಲ್ಲ ಎಂಬ ಉತ್ತರ ಬಂದರೆ ಆ ಭಾಗವನ್ನು ಪಕ್ಕದ ಭಾಗದೊಂದಿಗೆ ಒಂದಾಗಿಸಬಹುದು. ಈ ಪರೀಕ್ಷೆಯಲ್ಲಿ ಸ್ಕ್ರೂಗಳು ಬಹುತೇಕ ಸೋಲುತ್ತವೆ. ಈ ಕೆಲಸಕ್ಕೆ ಇಬ್ಬರಿಗೂ 1991ರಲ್ಲಿ ಅಮೆರಿಕದ ರಾಷ್ಟ್ರೀಯ ತಂತ್ರಜ್ಞಾನ ಪದಕ ಸಂದಿತು.

ಐಬಿಎಂ 1985ರಲ್ಲಿ ಹೊರತಂದ ಪ್ರೊಪ್ರಿಂಟರ್ ಎಂಬ ಕಂಪ್ಯೂಟರ್ ಮುದ್ರಕ ಇದಕ್ಕೆ ಒಳ್ಳೆಯ ಸಾಕ್ಷಿ. ರೋಬೋಟುಗಳೇ ಜೋಡಿಸಲಿ ಎಂದು ಅದರ ಭಾಗಗಳನ್ನು ಸ್ಕ್ರೂ ಇಲ್ಲದೆ, ಒತ್ತಿದರೆ ಕೂರುವಂತೆ ರೂಪಿಸಲಾಗಿತ್ತು. ಕೊನೆಗೆ ಮನುಷ್ಯರೇ ಅದನ್ನು ಕೆಲವೇ ನಿಮಿಷಗಳಲ್ಲಿ ಕೈಯಿಂದ ಜೋಡಿಸಬಹುದು ಎಂದು ಗೊತ್ತಾಯಿತು. ರೋಬೋಟಿಗಾಗಿ ಪಟ್ಟ ಶ್ರಮ ರೋಬೋಟಿನ ಅಗತ್ಯವನ್ನೇ ಕಡಿಮೆ ಮಾಡಿತು.

ಇನ್ನೂ ಧೈರ್ಯದ ಉದಾಹರಣೆ 1983ರ ಸ್ವಾಚ್ ಕೈಗಡಿಯಾರ. ಸಾಮಾನ್ಯ ಗಡಿಯಾರದಲ್ಲಿ 90ಕ್ಕೂ ಹೆಚ್ಚು ಭಾಗಗಳಿರುತ್ತಿದ್ದ ಕಾಲದಲ್ಲಿ ಎಂಜಿನಿಯರುಗಳಾದ ಎಲ್ಮಾರ್ ಮೊಕ್ ಮತ್ತು ಜಾಕ್ ಮ್ಯುಲರ್ ಅದನ್ನು 51ಕ್ಕೆ ಇಳಿಸಿದರು. ಯಂತ್ರವನ್ನು ಹೊರುವ ಪ್ರತ್ಯೇಕ ತಟ್ಟೆಯನ್ನು ಕೈಬಿಟ್ಟು, ಪ್ಲಾಸ್ಟಿಕ್ ಕವಚದ ತಳವನ್ನೇ ತಟ್ಟೆಯಾಗಿಸಿದರು. ಎಲ್ಲ ಭಾಗಗಳೂ ಮೇಲಿನಿಂದ ಒಂದೇ ದಿಕ್ಕಿನಲ್ಲಿ ಇಳಿಯುತ್ತವೆ. ಮೇಲೆ ಪಾರದರ್ಶಕ ಮುಚ್ಚಳವನ್ನು ಶ್ರವಣಾತೀತ ಕಂಪನದಿಂದ ಬೆಸೆದರೆ ಗಡಿಯಾರ ಸಿದ್ಧ. ಸಿದ್ಧ ಗಡಿಯಾರವನ್ನು ಮುಂದಿಟ್ಟುಕೊಂಡು ಒಂದೊಂದೇ ಭಾಗ ಕಿತ್ತು ಇಲ್ಲಿಗೆ ತಲುಪಲು ಸಾಧ್ಯವೇ ಇರಲಿಲ್ಲ. ವೆಚ್ಚದ ಮಿತಿ ಮೊದಲ ರೇಖಾಚಿತ್ರದಲ್ಲೇ ಇತ್ತು.

ಒಂದು ವಸ್ತುವಿನ ವೆಚ್ಚದ ಶೇಕಡಾ 70 ಅಥವಾ 80 ಭಾಗ ವಿನ್ಯಾಸದ ಹಂತದಲ್ಲೇ ನಿಗದಿಯಾಗುತ್ತದೆ ಎಂಬ ಮಾತನ್ನು ಎಂಜಿನಿಯರುಗಳು ಪದೇ ಪದೇ ಹೇಳುತ್ತಾರೆ. ಇದನ್ನು ಎಲ್ಲ ವಸ್ತುಗಳಿಗೂ ಅನ್ವಯಿಸುವ ನಿಯಮವೆಂದು ನಾನು ಒಪ್ಪಲಾರೆ. ಒಂದೇ ನಕ್ಷೆಯನ್ನು ಎರಡು ಕಾರ್ಖಾನೆಗಳಿಗೆ ಕೊಟ್ಟರೆ ಎರಡು ವೆಚ್ಚ ಬರುತ್ತದೆ. ಚೆನ್ನಾಗಿ ನಡೆಯುವ ಕಾರ್ಖಾನೆ ಮಾಡುವ ಉಳಿತಾಯ ಅಲ್ಪವಲ್ಲ. ಆದರೂ ಆ ಕಾರ್ಖಾನೆಯ ಉತ್ತಮ ಕೆಲಸಗಾರರು ಕೂಡ ಬೇಡದ ಭಾಗವೊಂದನ್ನು ನಕ್ಷೆಯಿಂದ ಅಳಿಸಲಾರರು.

ಈ ವಿಧಾನಕ್ಕೆ ಇರುವ ಗಂಭೀರ ಆಕ್ಷೇಪ ಬೇರೆ ಇದೆ. ಬೆಸೆದು ಮುಚ್ಚಿದ ಸ್ವಾಚ್ ಕೆಟ್ಟರೆ ಅದನ್ನು ಬಿಚ್ಚಿ ರಿಪೇರಿ ಮಾಡುವಂತಿಲ್ಲ. ಸ್ಕ್ರೂಗಳನ್ನು ತೆಗೆದು ಅಂಟು ಹಾಕಿದರೆ ಜೋಡಣೆ ಅಗ್ಗವಾಗಬಹುದು, ಆದರೆ ಹಾಗೆ ಉಳಿಸಿದ ಹಣವನ್ನು ಗ್ರಾಹಕರು ಆಮೇಲೆ ಹೊಸದನ್ನು ಕೊಳ್ಳುವ ಮೂಲಕ ತೆರುತ್ತಾರೆ. ಆದ್ದರಿಂದ ಮೊದಲ ದಿನದ ಲೆಕ್ಕದಲ್ಲಿ ಕಾರ್ಖಾನೆಯ ಬಾಗಿಲವರೆಗಿನ ಖರ್ಚಿನ ಜೊತೆಗೆ ಬಿಚ್ಚುವ, ಬದಲಿಸುವ ಖರ್ಚೂ ಸೇರಬೇಕು. ಸ್ವಾಚ್ ತಂಡ ಒಂದು ವಿಷಯದಲ್ಲಿ ಇದನ್ನು ನೆನಪಿಟ್ಟುಕೊಂಡಿತ್ತು: ಬ್ಯಾಟರಿ ಬದಲಿಸಲು ಹಿಂಬದಿಯಲ್ಲಿ ಚಿಕ್ಕ ಮುಚ್ಚಳ ಬಿಟ್ಟಿತ್ತು. ಯುರೋಪಿಯನ್ ಒಕ್ಕೂಟದ 2023ರ ಬ್ಯಾಟರಿ ನಿಯಮದ ಪ್ರಕಾರ 2027ರ ಫೆಬ್ರವರಿ 18ರಿಂದ, ಕೆಲವು ವಿನಾಯಿತಿಗಳನ್ನು ಬಿಟ್ಟು, ಉಪಕರಣಗಳಲ್ಲಿನ ಚಿಕ್ಕ ಬ್ಯಾಟರಿಗಳನ್ನು ಬಳಕೆದಾರರೇ ತೆಗೆದು ಬದಲಿಸುವಂತಿರಬೇಕು. ಅಂಟಿನಿಂದ ಮುಚ್ಚಿದ ಉಪಕರಣಗಳ ತಯಾರಕರು ಇದಕ್ಕಾಗಿ ಒಳಗಿನ ಜೋಡಣೆಯನ್ನೇ ಹೊಸದಾಗಿ ಬರೆಯಬೇಕಾಗುತ್ತದೆ, ಅದರೊಂದಿಗೆ ಅಚ್ಚುಗಳನ್ನೂ ಹೊಸದಾಗಿ ಮಾಡಿಸಬೇಕಾಗುತ್ತದೆ.