ಕಾರಿನ ಫ್ಯೂಯಲ್ ಪಂಪ್ ಮನೆಯಲ್ಲೇ ಬದಲಿಸಬಹುದಾ?

ಪ್ರಶ್ನೆ: ನಮ್ದು ಜೇವರ್ಗಿರೀ. ಹನ್ನೊಂದು ವರ್ಷದ ಪೆಟ್ರೋಲ್ ಕಾರು ಅದ. ಮಧ್ಯಾಹ್ನ ಕಲಬುರಗಿಗೆ ಬಂದು ನಿಲ್ಲಿಸಿದ್ರ ಮತ್ತ ಸ್ಟಾರ್ಟ್ ಆಗೋದಿಲ್ಲ. ಒಂದ್ ತಾಸು ಬಿಟ್ರ ಆಗ್ತದ. ಎಲ್ಲರೂ ಟ್ಯಾಂಕಿನ ಮೋಟರ್ ಹೋಗ್ಯಾದ ಅಂತಾರ. ನಾವೇ ಮನ್ಯಾಗ ಬದಲಿಸಬಹುದೇನ್ರಿ?

ಬದಲಿಸಬಹುದು, ಆದ್ರೆ ಎರಡು ಷರತ್ತು ಇವೆ. ನಿಮ್ಮ ಕಾರಿನ ಹಿಂದಿನ ಸೀಟಿನ ಕೆಳಗೆ ಫ್ಯೂಯಲ್ ಪಂಪಿನ (ನೀವು ಹೇಳೋ ಟ್ಯಾಂಕಿನ ಮೋಟರ್, ಎಂಜಿನ್ನಿಗೆ ಪೆಟ್ರೋಲ್ ತಳ್ಳೋದು ಇದೇ) ಮುಚ್ಚಳ ಇರಬೇಕು. ಕೆಲಸ ನಾಲ್ಕೂ ಕಡೆ ಗಾಳಿಯಾಡುವ ಬಯಲಲ್ಲಿ ನಡೆಯಬೇಕು. ಇವೆರಡರಲ್ಲಿ ಒಂದು ಇಲ್ಲದಿದ್ರೂ ದಯವಿಟ್ಟು ಕೈ ಹಾಕಬೇಡಿ.

ಅದಕ್ಕೂ ಮೊದಲು, ಕೆಟ್ಟಿರೋದು ಪಂಪೇ ಹೌದಾ ಅಂತ ನೋಡಬೇಕು. ಬಿಸಿ ಆದಾಗ ನಿಂತು, ಆರಿದ ಮೇಲೆ ಸ್ಟಾರ್ಟ್ ಆಗೋದು ಸವೆದ ಪಂಪಿನ ಲಕ್ಷಣ ನಿಜ. ಆದ್ರೆ ಎಂಜಿನ್ ತಿರುಗೋದನ್ನು ಗುರುತಿಸುವ, ಅದರ ಪಕ್ಕದ ಕ್ರ್ಯಾಂಕ್ ಸೆನ್ಸರ್ ಕೆಟ್ಟರೂ ಹೀಗೇ ಆಗುತ್ತೆ. ಎರಡನ್ನೂ ಬೇರೆ ಮಾಡೋಕೆ ನಿಮ್ಮ ಕಿವಿಯೇ ಸಾಕು. ಕಾರು ನಿಂತಾಗ ಒಬ್ಬರು ಹಿಂದಿನ ಸೀಟಿನಲ್ಲಿ ಕೂತು ಕಿವಿ ಕೊಡಿ. ಇನ್ನೊಬ್ಬರು ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಲಿ. ಬಹಳಷ್ಟು ಕಾರುಗಳಲ್ಲಿ ಸುಮಾರು 2 ಸೆಕೆಂಡ್ ಟ್ಯಾಂಕಿನಿಂದ 'ಗುಂಯ್' ಅಂತ ಸಣ್ಣ ಶಬ್ದ ಬರುತ್ತೆ. ಶಬ್ದ ಎಂದಿನ ಹಾಗೆ ಬಂದೂ ಸ್ಟಾರ್ಟ್ ಆಗದಿದ್ರೆ ಪಂಪ್ ಬಿಚ್ಚೋ ಅವಸರ ಬೇಡ, ಸೆನ್ಸರ್ ನೋಡಿಸಿ. ಶಬ್ದವೇ ಬರದಿದ್ರೆ ಟ್ಯಾಂಕಿನ ತಳಕ್ಕೆ ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ಎರಡು ಸಲ ತಟ್ಟಿ ಮತ್ತೆ ಕೀ ತಿರುಗಿಸಿ. ಆಗ ಸ್ಟಾರ್ಟ್ ಆದ್ರೆ ಮೋಟರಿನ ಒಳಗೆ ಸವೆತ ಇದೆ, ಅದರ ಆಯಸ್ಸು ಮುಗೀತಾ ಬಂದಿದೆ.

ತಟ್ಟಿದ್ರೂ ಮಾತಾಡದಿದ್ರೆ ಫ್ಯೂಸ್ ಮತ್ತು ರಿಲೇ (ಪಂಪಿಗೆ ಕರೆಂಟ್ ಬಿಡುವ ಸಣ್ಣ ಸ್ವಿಚ್) ನೋಡಿ. ಫ್ಯೂಸ್ ಡಬ್ಬಿಯಲ್ಲಿ ಹಾರ್ನಿಗೂ ಪಂಪಿಗೂ ಒಂದೇ ನಂಬರಿನ ರಿಲೇ ಇದ್ರೆ ಅದಲು ಬದಲು ಮಾಡಿ ಪರೀಕ್ಷಿಸಿ. ಖರ್ಚೇ ಇಲ್ಲ.

ಇಷ್ಟು ಒತ್ತಿ ಹೇಳೋಕೆ ನನ್ನದೇ ಕಾರಣ ಇದೆ. ಒಂದು ಮೇ ತಿಂಗಳಲ್ಲಿ ನನ್ನ ಕಾರು ರಿಂಗ್ ರೋಡಿನಲ್ಲಿ ನಿಂತಿತ್ತು. ಗ್ಯಾರೇಜಿನಲ್ಲಿ ಹೊಸ ಪಂಪ್ ಹಾಕಿದ್ರು. ಎಂಟು ದಿನಕ್ಕೆ ಮತ್ತೆ ಅದೇ ಕಥೆ. ಕೊನೆಗೆ ನಾನೇ ಸೀಟು ಎತ್ತಿ, ಪಂಪಿನ ಮೇಲಿನ ವೈರಿನ ಪ್ಲಗ್ ಎಳೆದು ನೋಡಿದೆ. ನಾಲ್ಕು ಪಿನ್‌ಗಳಲ್ಲಿ ಒಂದರ ಸುತ್ತ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ ಮೇಣದ ಹಾಗೆ ಕರಗಿತ್ತು. ಪಿನ್ ಸಡಿಲ ಆದ್ರೆ ಅಲ್ಲೇ ಬಿಸಿ ಹುಟ್ಟುತ್ತೆ, 12 ವೋಲ್ಟ್ ಪೂರ್ತಿ ಮೋಟರಿಗೆ ತಲುಪೋದಿಲ್ಲ. ಪ್ಲಗ್ ಬದಲಿಸಿದೆ, ಕಾರು ಸರಿಹೋಯ್ತು. ಹಳೆ ಪಂಪ್ ಬಹುಶಃ ಚೆನ್ನಾಗೇ ಇತ್ತು ಅಂತ ಈಗಲೂ ಬೇಜಾರಾಗುತ್ತೆ.

ನಮ್ಮ ಕಡೆ ಪಂಪ್ ಬೇಗ ಸವೆಯೋಕೆ ಒಂದು ಕಾರಣ ನಾವು ಪೆಟ್ರೋಲ್ ಹಾಕಿಸೋ ರೀತಿ. ಪಂಪಿನ ಮೋಟರ್ ಇರೋದು ಟ್ಯಾಂಕಿನ ಒಳಗೆ. ಅದನ್ನು ತಂಪಾಗಿಡೋದೂ, ಅದಕ್ಕೆ ಎಣ್ಣೆಯಂತೆ ಕೆಲಸ ಮಾಡೋದೂ ಅದರ ಮೈಯೊಳಗೇ ಹರಿಯುವ ಪೆಟ್ರೋಲು. ದಿನಾ ಇನ್ನೂರು ಮುನ್ನೂರು ರೂಪಾಯಿದು ಹಾಕಿಸಿ ರಿಸರ್ವ್‌ನಲ್ಲೇ ಓಡಿಸಿದ್ರೆ ಆ ತಂಪು ಸರಿಯಾಗಿ ಸಿಗೋದಿಲ್ಲ. ಹೊರಗೆ 43 ಡಿಗ್ರಿ ಬಿಸಿಲು, ಕೆಳಗೆ ಕಾದ ಡಾಂಬರು. ಬೇಸಿಗೆಯಲ್ಲಾದ್ರೂ ಕಾಲು ಟ್ಯಾಂಕಿಗಿಂತ ಕೆಳಗೆ ಇಳಿಸಬೇಡಿ.

ಸರಿ, ಪಂಪೇ ಹೋಗಿದೆ ಅಂತ ಖಾತ್ರಿ ಆಯ್ತು ಅನ್ನೋಣ. ನಟ್ಟು ಬೋಲ್ಟು ಬಿಚ್ಚೋದು ಇಲ್ಲಿ ದೊಡ್ಡ ಕೆಲಸ ಅಲ್ಲ. ಭಯ ಪಡಬೇಕಾದ್ದು ಪೆಟ್ರೋಲಿನ ಆವಿಗೆ. ಪೆಟ್ರೋಲು ಸೊನ್ನೆಗಿಂತ 40 ಡಿಗ್ರಿ ಕೆಳಗಿದ್ರೂ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತೆ. ಆ ಆವಿ ಗಾಳಿಗಿಂತ ಭಾರ. ಮೇಲೆ ಹಾರಿ ಹೋಗೋದಿಲ್ಲ, ನೀರಿನ ಹಾಗೆ ನೆಲ ಹಿಡಿದು ಹರಿಯುತ್ತೆ. ಪಡಸಾಲೆಯ ಪಕ್ಕ ಕಾರು ನಿಲ್ಲಿಸಿ ಟ್ಯಾಂಕ್ ತೆರೆದ್ರೆ ಹೊಸ್ತಿಲು ದಾಟಿ ಒಳಗೂ ಬರಬಹುದು. ಒಳಗೆ ದೇವರ ಜಗಲಿ ಮುಂದೆ ದೀಪ ಇರುತ್ತೆ, ಊದಿನಕಡ್ಡಿ ಇರುತ್ತೆ, ಅಡುಗೆಮನೆಯಲ್ಲಿ ಒಲೆ ಇರುತ್ತೆ. ಯಾರೋ ಕೂಲರ್ ಸ್ವಿಚ್ ಹಾಕಿದ್ರೂ ಆ ಕಿಡಿ ಸಾಕು. ಅದಕ್ಕೇ ಮನೆಯಿಂದ ದೂರ, ಬಯಲಲ್ಲಿ ಮಾಡಿ ಅನ್ನೋದು. ಮನೆಯವರಿಗೆಲ್ಲ ಮೊದಲೇ ಹೇಳಿಡಿ, ಮಕ್ಕಳು ಹತ್ತಿರ ಸುಳಿಯಬಾರದು.

ಹೊತ್ತು ಬೆಳಗಿನ ಆರು ಗಂಟೆ. ರಾತ್ರಿಯೆಲ್ಲ ನಿಂತ ಕಾರು, ತಣ್ಣಗಿನ ಟ್ಯಾಂಕು, ಆವಿ ಕಡಿಮೆ. ಟ್ಯಾಂಕಿನಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಪೆಟ್ರೋಲ್ ಬೇಡ. ಒಣ ಪುಡಿಯ ಅಗ್ನಿಶಾಮಕ ಸಿಲಿಂಡರ್ ಕೈಗೆ ಸಿಗುವಂತಿರಲಿ, ಜೊತೆಗೆ ಒಂದು ಬಕೆಟ್ ಉಸುಕು. ನೀರು ಹಾಕಿದ್ರೆ ಪೆಟ್ರೋಲ್ ಬೆಂಕಿ ಇನ್ನೂ ಹರಡುತ್ತೆ. ಹತ್ತಿ ಬಟ್ಟೆ ಹಾಕಿಕೊಳ್ಳಿ. ಫೋನ್ ದೂರ ಇಡಿ. ಟ್ಯಾಂಕ್ ತೆರೆಯೋ ಮೊದಲು ಕಾರಿನ ಪೇಂಟ್ ಇಲ್ಲದ ಲೋಹ ಮುಟ್ಟಿ, ಮೈಮೇಲೆ ಕೂತ, ಕಿಡಿ ಹಾರಿಸಬಲ್ಲ ಸ್ಟ್ಯಾಟಿಕ್ ಕರೆಂಟು ಇಳಿದು ಹೋಗುತ್ತೆ.

ಮೊದಲು ಪಂಪಿನ ಫ್ಯೂಸ್ ಕಿತ್ತು ಎಂಜಿನ್ ಸ್ಟಾರ್ಟ್ ಮಾಡಿ, ತಾನಾಗೇ ನಿಲ್ಲಲಿ. ಪಂಪ್ ಪೂರ್ತಿ ಸತ್ತಿದ್ರೆ ಸ್ಟಾರ್ಟ್ ಆಗೋದಿಲ್ಲ, ಆದ್ರೂ ಎರಡು ಸಲ ಸೆಲ್ಫ್ ಹೊಡೆಯಿರಿ. ಪೈಪಿನಲ್ಲಿ ಸುಮಾರು 3 ರಿಂದ 4 ಬಾರ್ ಒತ್ತಡ ಇರುತ್ತೆ, ಅದನ್ನು ಇಳಿಸದೆ ಪೈಪ್ ಎಳೆದ್ರೆ ಪೆಟ್ರೋಲ್ ಕಣ್ಣಿಗೇ ಹಾರುತ್ತೆ. ಆಮೇಲೆ ಬ್ಯಾಟರಿಯ ಮೈನಸ್ ವೈರ್ ಬಿಚ್ಚಿ.

ಸೀಟು ಎತ್ತಿದಾಗ ಧೂಳು ನೋಡಿ ಗಾಬರಿ ಆಗಬೇಡಿ. ಎರೆಮಣ್ಣಿನ ಊರು ನಮ್ಮದು, ಹನ್ನೊಂದು ವರ್ಷದ ಧೂಳು ಅಲ್ಲಿರುತ್ತೆ. ಅವಸರ ಮಾಡದೆ ಪೇಂಟ್ ಬ್ರಶ್ಶಿನಿಂದ ಕೆರೆದು, ಒದ್ದೆ ಬಟ್ಟೆಯಲ್ಲಿ ಒರೆಸಿ. ಒಂದು ಚಿಟಿಕೆ ಟ್ಯಾಂಕಿಗೆ ಬಿದ್ರೂ ಹೊಸ ಪಂಪಿನ ಜರಡಿಗೆ ಸೇರುತ್ತೆ. ಪೈಪ್ ಬಿಚ್ಚುವಾಗ ಮೇಲೆ ಬಟ್ಟೆ ಹಿಡಿಯಿರಿ. ಪಂಪ್ ಯಾವ ಕಡೆ ಮುಖ ಮಾಡಿದೆ ಅಂತ ಗುರುತು ಹಾಕಿಕೊಳ್ಳಿ. ಮೇಲಿನ ಪ್ಲಾಸ್ಟಿಕ್ ರಿಂಗ್ ಬಿಗಿಯಾಗಿದ್ರೆ ಕಬ್ಬಿಣದ ಸ್ಕ್ರೂಡ್ರೈವರ್ ಇಟ್ಟು ಹೊಡೆಯಬೇಡಿ, ಕಿಡಿ ಬರಬಹುದು. ಗಟ್ಟಿ ಕಟ್ಟಿಗೆ ತುಂಡು ಇಟ್ಟು ಸುತ್ತಲೂ ಸ್ವಲ್ಪ ಸ್ವಲ್ಪ ತಟ್ಟಿ.

ಪಂಪನ್ನು ನೇರ ಮೇಲೆ ಎಳೆಯಬಾರದು, ವಾರೆ ಮಾಡಿ ಎತ್ತಬೇಕು. ಪಕ್ಕದಲ್ಲಿ ಪೆಟ್ರೋಲ್ ಮುಳ್ಳಿಗೆ ಲೆಕ್ಕ ಕೊಡುವ ತೇಲುವ ಕಡ್ಡಿ ಇದೆ, ಅದು ಬಾಗಿದ್ರೆ ಮೀಟರ್ ಸುಳ್ಳು ಹೇಳುತ್ತೆ. ತಳದ ಜರಡಿ ಚಹಾ ಸೋಸಿದ ಬಟ್ಟೆಯ ಹಾಗೆ ಕಪ್ಪಾಗಿದ್ರೆ ಪಂಪ್ ಯಾಕೆ ಏದುಸಿರು ಬಿಡ್ತಿತ್ತು ಅಂತ ಅಲ್ಲೇ ಗೊತ್ತಾಗುತ್ತೆ.

ಹೊಸ ಪಂಪಿನ ಜೊತೆ ಹೊಸ ರಬ್ಬರ್ ಸೀಲ್ ಹಾಕಲೇಬೇಕು. ಹಳೆಯದು ಹೊರಬಂದ ಕೂಡಲೇ ಉಬ್ಬುತ್ತೆ, ಮತ್ತೆ ತನ್ನ ಜಾಗದಲ್ಲಿ ಕೂರೋದಿಲ್ಲ. ಮೋಟರ್ ಮಾತ್ರ ಬದಲಿಸೋದಾದ್ರೆ ಒಳಗಿನ ಸಣ್ಣ ಪೈಪಿಗೆ ಸಾಮಾನ್ಯ ಪೆಟ್ರೋಲ್ ಪೈಪ್ ಹಾಕಬೇಡಿ. ಅದು ಹೊರಗಿನಿಂದಲೂ ಪೆಟ್ರೋಲಿನಲ್ಲಿ ಮುಳುಗಿರೋಕೆ ಮಾಡಿದ್ದಲ್ಲ, ಒಡೆಯುತ್ತೆ. ಕೊಳ್ಳುವಾಗ ಶೇ. 20 ಎಥನಾಲ್ ಪೆಟ್ರೋಲಿಗೆ ಒಗ್ಗುವ ಪಂಪೇ ಕೇಳಿ. ಈಗ ಬಂಕಿನಲ್ಲಿ ಸಿಗೋದು ಅದೇ ಅಲ್ವಾ. ನಿಮ್ಮಂಥ ಹಳೆ ಕಾರಿನ ರಬ್ಬರನ್ನು ಆ ಲೆಕ್ಕದಲ್ಲಿ ಮಾಡಿರೋದಿಲ್ಲ.

ಎಲ್ಲ ಕೂಡಿಸಿ, ಆವಿಯ ವಾಸನೆ ಪೂರ್ತಿ ಹೋದ ಮೇಲೆ ಬ್ಯಾಟರಿ ಜೋಡಿಸಿ. ಕೀ ಮೂರು ನಾಲ್ಕು ಸಲ ಆನ್ ಆಫ್ ಮಾಡಿ, ಒತ್ತಡ ತುಂಬಲಿ. ಎಂಜಿನ್ ಹತ್ತು ನಿಮಿಷ ಓಡಲಿ. ಪಂಪಿನ ಸುತ್ತ ತೇವ ಇಲ್ಲ ಅಂತ ಕಣ್ಣಾರೆ ನೋಡಿಯೇ ಸೀಟು ಹಾಕಿ. ಪೆಟ್ರೋಲ್ ತಾಗಿದ ಬಟ್ಟೆ ಬಯಲಲ್ಲೇ ಒಣಗಲಿ.

ಸೀಟಿನ ಕೆಳಗೆ ಮುಚ್ಚಳ ಇಲ್ಲದ ಕಾರಿನಲ್ಲಿ ಟ್ಯಾಂಕನ್ನೇ ಕೆಳಗಿಳಿಸಬೇಕು. ಜಾಕಿ ಮೇಲೆ ನಿಂತ ಕಾರಿನ ಕೆಳಗೆ ಮಲಗಿ ಆ ಕೆಲಸ ಮಾಡೋದು ಖಂಡಿತ ಬೇಡ. ಡೀಸೆಲ್ ಕಾಮನ್ ರೇಲ್ (ಭಾರಿ ಒತ್ತಡದಲ್ಲಿ ಡೀಸೆಲ್ ಚಿಮ್ಮಿಸುವ) ಎಂಜಿನ್ನಿನ ಪಂಪ್ ಕೂಡ ಮನೆಯ ಕೆಲಸ ಅಲ್ಲ. ಅಲ್ಲಿ ಒತ್ತಡ 1000 ಬಾರ್ ದಾಟುತ್ತೆ, ಸೂಜಿಯಷ್ಟು ಸೋರಿದ್ರೂ ಚರ್ಮ ಸೀಳುತ್ತೆ.

ನೀವು ಮುಂದಿನ ಸಲ ಕಲಬುರಗಿಗೆ ಬಂದು ಕಾರು ನಿಂತಾಗ, ಜೊತೆಗಿದ್ದವರನ್ನು ಹಿಂದೆ ಕೂರಿಸಿ ಕೀ ತಿರುಗಿಸಿ ನೋಡ್ರಿ. ಆ 2 ಸೆಕೆಂಡಿನ ಶಬ್ದ ಬಂತಾ ಇಲ್ವಾ ಅಂತ ಮೊದಲು ತಿಳಿಯಲಿ. ಪಂಪ್ ಕೊಳ್ಳೋ ಮಾತು ಆಮೇಲೆ.