ವಲಸೆಯ ಹಾಡು ಕೇಳಿದವರ ಭಾವ: ಕರುಣವೋ, ವಿಪ್ರಲಂಭವೋ?

ಊರು ಬಿಟ್ಟವರ ಜನಪದ ಗೀತೆಯೊಂದನ್ನು ಕೇಳಿಸಿ ‘ಬೇಸರವಾಯಿತೇ?’ ಎಂದು ಕೇಳಿ ನೋಡಿ. ಬಹಳ ಮಂದಿ ಹೌದೆನ್ನುತ್ತಾರೆ. ವಲಸೆಯ ಹಾಡು ಕೇಳುಗರಲ್ಲಿ ಎಬ್ಬಿಸುವ ಭಾವವನ್ನು ತಿಳಿಯಹೊರಟ ಅಧ್ಯಯನಕ್ಕೆ ಆ ಹೌದು ಹೆಚ್ಚೇನೂ ಕೊಡುವುದಿಲ್ಲ. ಹಾಡು ಬೇಸರದ್ದೆಂದು ಅವರಿಗೆ ತಿಳಿಯಿತೋ, ಅವರಿಗೇ ಬೇಸರವಾಯಿತೋ? ಆದದ್ದು ಬೇಸರವೋ, ಹಂಬಲವೋ, ಒಳಗೊಳಗೇ ನಾಚಿಕೆಯೋ? ಇವನ್ನೆಲ್ಲ ಬಿಡಿಸಿ ನೋಡುವ ಬಗೆ ಈ ಟಿಪ್ಪಣಿಯಲ್ಲಿದೆ.

ಕಂಡ ಭಾವ, ಆದ ಭಾವ

ಮೊದಲ ಗೆರೆ ಎಳೆಯಬೇಕಾದದ್ದು ಇಲ್ಲಿ. ಹಾಡಿನಲ್ಲಿ ಕಂಡ ಭಾವ ಒಂದು, ಕೇಳಿದವನಿಗೆ ಆದ ಭಾವ ಇನ್ನೊಂದು. ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಆಲ್ಫ್ ಗೇಬ್ರಿಯೆಲ್ಸನ್ 2002ರ ಲೇಖನದಲ್ಲಿ ಇವೆರಡೂ ಒಂದೇ ಆಗಿರಬೇಕಿಲ್ಲ ಎಂದು ವಿಂಗಡಿಸಿ ತೋರಿಸಿದರು: ಎರಡೂ ಹೊಂದಬಹುದು, ಒಂದಕ್ಕೊಂದು ಎದುರಾಗಬಹುದು, ಹಾಡಿನಲ್ಲಿ ಭಾವ ಕಂಡರೂ ಕೇಳುಗನಿಗೆ ಏನೂ ಆಗದಿರಬಹುದು. ರಸಚರ್ಚೆ ಓದಿಕೊಂಡವರಿಗೆ ಇದು ಹೊಸತಲ್ಲ. ಪಾತ್ರದ ಶೋಕ ಬೇರೆ, ಸಹೃದಯನ (ನೋಡುವ, ಕೇಳುವ ರಸಿಕನ) ಕರುಣರಸ ಬೇರೆ ಎಂಬ ಮಾತು ನಮ್ಮಲ್ಲಿ ಹಳೆಯದು.

ಹಾಗಾಗಿ ಪ್ರಶ್ನಾವಳಿಯಲ್ಲಿ ಎರಡು ಪ್ರಶ್ನೆ ಇರಲಿ: ‘ಹಾಡುವವರ ಮನಸ್ಥಿತಿ ಹೇಗಿದೆ ಅನ್ನಿಸಿತು?’ ಮತ್ತು ‘ಕೇಳುತ್ತಿದ್ದಾಗ ನಿಮಗೆ ಏನಾಯಿತು?’ ಎರಡರಲ್ಲೂ ಒಂದೊಂದು ಭಾವಕ್ಕೆ 0ಯಿಂದ 10ರವರೆಗೆ ಅಂಕ, ಎರಡೂ ಬೇರೆ ಬೇರೆ ಪುಟದಲ್ಲಿ. ಒಂದೇ ಪುಟದಲ್ಲಿ ಅಕ್ಕಪಕ್ಕ ಇಟ್ಟರೆ ಮೊದಲಿನ ಅಂಕವನ್ನೇ ಎರಡನೆಯದಕ್ಕೂ ಇಳಿಸಿಬಿಡುವುದು ಸುಲಭ.

ಮರಳುವ ದಾರಿ ಉಂಟೇ?

ವಲಸೆಯ ಹಾಡಿಗೆ ‘ದುಃಖ’ ಎಂಬ ಒಂದೇ ಮಾತು ಸಾಲದು. ನಾಟ್ಯಶಾಸ್ತ್ರದ 6ನೇ ಅಧ್ಯಾಯದಲ್ಲಿ ಭರತ ಒಂದು ಸೂಕ್ಷ್ಮವಾದ ಭೇದ ಹೇಳುತ್ತಾನೆ. ಕರುಣ ‘ನಿರಪೇಕ್ಷ’, ಅಂದರೆ ಇನ್ನು ಏನನ್ನೂ ಎದುರುನೋಡುವಂತಿಲ್ಲ. ವಿಪ್ರಲಂಭ ‘ಸಾಪೇಕ್ಷ’, ಅಗಲಿಕೆಯ ನೋವಿದ್ದರೂ ಮತ್ತೆ ಕೂಡುವ ಆಸೆ ಉಳಿದಿರುತ್ತದೆ, ಅದು ಔತ್ಸುಕ್ಯ ಮತ್ತು ಚಿಂತೆಯಿಂದ ಹುಟ್ಟುತ್ತದೆ. ಭರತ ಹೇಳಿದ್ದು ಪ್ರೇಮಿಗಳ ಅಗಲಿಕೆಯ ಮಾತು. ಅದನ್ನು ಊರಿಗೆ ಹಚ್ಚುವುದು ನಾವು ಮಾಡುವ ವಿಸ್ತರಣೆ, ಅದನ್ನು ಬರೆಯುವಾಗ ಹಾಗೆಂದೇ ಹೇಳಿಕೊಳ್ಳಬೇಕು. ಆದರೂ ಈ ಅಳತೆಗೋಲು ಬಹಳ ಕೆಲಸ ಮಾಡುತ್ತದೆ. ‘ಒಂದು ದಿನ ಬರುತ್ತೇನೆ’ ಎನ್ನುವ ಹಾಡು ಮತ್ತು ‘ಆ ಮನೆಯೇ ಈಗಿಲ್ಲ’ ಎನ್ನುವ ಹಾಡು, ಒಂದೇ ಮಟ್ಟಿನಲ್ಲಿದ್ದರೂ, ಕೇಳುಗರಲ್ಲಿ ಎಬ್ಬಿಸುವುದು ಎರಡು ಬೇರೆ ಭಾವಗಳನ್ನು.

ಇನ್ನೂ ತೊಡಕಿನ ಸಂಗತಿ ಎಂದರೆ, ಮರಳುವ ದಾರಿ ತೆರೆದಿದೆಯೋ ಮುಚ್ಚಿದೆಯೋ ಎಂಬುದನ್ನು ಹಾಡು ಒಂದೇ ತೀರ್ಮಾನಿಸುವುದಿಲ್ಲ. ತಾನೇ ವಲಸೆ ಬಂದವನು ‘ಬರುತ್ತೇನೆ’ ಎಂಬ ಸಾಲನ್ನು ಸುಳ್ಳೆಂದು ತಿಳಿದೇ ಕೇಳಬಹುದು. ಅವನಿಗೆ ಅದು ಕರುಣ. ವಲಸಿಗರ ಮಕ್ಕಳಿಗೆ ಆ ಊರು ತಾವು ಬಿಟ್ಟು ಬಂದದ್ದೇ ಅಲ್ಲ, ಹಿರಿಯರ ಬಾಯಲ್ಲಿ ಕೇಳಿದ್ದು. ಅವರಿಗೆ ಆಗುವುದು ನೋಡದ ಊರಿನ ಮೇಲಿನ ಹಂಬಲ. ಅದರೊಟ್ಟಿಗೆ ‘ನಾನು ಎಲ್ಲಿಯವನು’ ಎಂಬ ಕಸಿವಿಸಿಯೂ ಬರಬಹುದು. ಎಲ್ಲಿಗೂ ಹೋಗದವರು ಹಾಡನ್ನು ಕಥೆಯಂತೆ ಕೇಳಿ ಮರುಗುತ್ತಾರೆ, ಇಲ್ಲವೇ ಹಾಡು ‘ನೀವು ನಮ್ಮನ್ನು ಹೀಗೆ ನಡೆಸಿಕೊಂಡಿರಿ’ ಎಂದು ತಮ್ಮತ್ತ ತಿರುಗಿದಾಗ ಮುದುಡಿಕೊಳ್ಳುತ್ತಾರೆ.

ಆದ್ದರಿಂದ ‘ಹಾಡಿನಲ್ಲಿರುವವರು ಮರಳಿ ಹೋಗುತ್ತಾರೆ ಅನ್ನಿಸಿತೇ?’ ಎಂಬ ಒಂದು ನೇರ ಪ್ರಶ್ನೆಯನ್ನು ಬಿಡಬೇಡಿ. ಎಲ್ಲ ಅಂಕಗಳಿಗಿಂತ ಹೆಚ್ಚು ತಿಳಿಸುವುದು ಬಹುಮಟ್ಟಿಗೆ ಇದರ ಉತ್ತರವೇ.

ನೆನಪು ಮಾಡುವ ಕೆಲಸ

ಊರ ನೆನಪಿನ ಸಂಕಟಕ್ಕೆ ‘ನಾಸ್ಟಾಲ್ಜಿಯಾ’ ಎಂಬ ಹೆಸರು ಕೊಟ್ಟವನು ಯೊಹಾನ್ನೆಸ್ ಹೋಫರ್. 1688ರಲ್ಲಿ ಬಾಸೆಲ್‌ನಲ್ಲಿ ಬರೆದ ವೈದ್ಯಕೀಯ ಪ್ರಬಂಧದಲ್ಲಿ ಅವನು ಮರಳುವಿಕೆ ಮತ್ತು ನೋವು ಎಂಬ ಎರಡು ಗ್ರೀಕ್ ಪದಗಳನ್ನು ಜೋಡಿಸಿದ. ಆಗ ಅದು ಕಾಯಿಲೆಯ ಹೆಸರು. ಪರದೇಶದಲ್ಲಿ ಸೇವೆಗಿದ್ದ ಸ್ವಿಸ್ ಸೈನಿಕರಿಗೆ ದನಗಾಹಿಗಳ ಹಾಡು ಕೇಳಿದರೆ ತಡೆಯಲಾಗದಂತಾಗುತ್ತಿತ್ತು ಎಂಬ ಮಾತು ಮುಂದೆ ಹಬ್ಬಿತು. ರೂಸೋ 1768ರ ತನ್ನ ಸಂಗೀತ ನಿಘಂಟಿನಲ್ಲಿ, ಆ ಹಾಡನ್ನು ನುಡಿಸಿದರೆ ಸೈನಿಕರು ಅಳುತ್ತಿದ್ದರು, ದಳ ಬಿಟ್ಟು ಓಡುತ್ತಿದ್ದರು, ಸಾಯುತ್ತಿದ್ದರು, ಹಾಗಾಗಿ ಅದನ್ನು ಮರಣದಂಡನೆಯ ಬೆದರಿಕೆಯೊಡನೆ ನಿಷೇಧಿಸಿದ್ದರು ಎಂದು ಬರೆದಿದ್ದಾನೆ. ನಿಷೇಧದ ಕಥೆಯನ್ನು ರೂಸೋ ಹೇಳಿದ್ದೆಂದಷ್ಟೇ ಉಲ್ಲೇಖಿಸಿ. ನಮಗೆ ಬೇಕಾದ್ದು ಅವನ ಮುಂದಿನ ಮಾತು: ಆ ಮಟ್ಟಿನಲ್ಲಿ ಅಂಥ ಶಕ್ತಿಯನ್ನು ಹುಡುಕಿ ಫಲವಿಲ್ಲ, ಪರಕೀಯರಿಗೆ ಅದರಿಂದ ಏನೂ ಆಗುವುದಿಲ್ಲ, ಅಲ್ಲಿ ಸಂಗೀತ ಸಂಗೀತವಾಗಿ ಕೆಲಸ ಮಾಡುತ್ತಿಲ್ಲ, ನೆನಪಿನ ಗುರುತಾಗಿ ಮಾಡುತ್ತಿದೆ.

ಈಗಿನ ಪರಿಭಾಷೆಯಲ್ಲಿ ಇದೇ ‘ಪ್ರಸಂಗ ಸ್ಮೃತಿ’. ಮನಶ್ಶಾಸ್ತ್ರಜ್ಞರಾದ ಪ್ಯಾಟ್ರಿಕ್ ಯೂಸ್ಲಿನ್ ಮತ್ತು ಡೇನಿಯಲ್ ವೆಸ್ಟ್‌ಫ್ಯೆಲ್ 2008ರಲ್ಲಿ ಸಂಗೀತ ಭಾವ ಹುಟ್ಟಿಸುವ ಆರು ದಾರಿಗಳನ್ನು ಪಟ್ಟಿಮಾಡಿದರು: ಮಿದುಳುಕಾಂಡದ ಪ್ರತಿವರ್ತನ, ರೂಢಿಯ ಜೋಡಣೆ, ಭಾವದ ಸೋಂಕು, ಮನಸ್ಸಿನಲ್ಲಿ ಮೂಡುವ ಚಿತ್ರ, ಪ್ರಸಂಗ ಸ್ಮೃತಿ, ಸಂಗೀತದೊಳಗಿನ ನಿರೀಕ್ಷೆ. ವಲಸೆಯ ಹಾಡಿನಲ್ಲಿ ನಾಲ್ಕನೆಯದು ಮತ್ತು ಐದನೆಯದನ್ನು ಬೇರ್ಪಡಿಸಿದರೆ ಅರ್ಧ ಕೆಲಸ ಮುಗಿದಂತೆ. ‘ಹಡಗುಕಟ್ಟೆ ಕಣ್ಣಿಗೆ ಕಟ್ಟಿತು’ ಎಂದರೆ ಚಿತ್ರ. ‘ನಮ್ಮಜ್ಜಿ ಕೈಬೀಸಿದ್ದು ನೆನಪಾಯಿತು’ ಎಂದರೆ ಸ್ಮೃತಿ. ಎರಡರಲ್ಲೂ ಕಣ್ಣೀರು ಬಂದಿರಬಹುದು, ಬಂದ ದಾರಿ ಬೇರೆ.

ಹೆಸರು ಮತ್ತು ಸರ್ವನಾಮ

1948ರ ಜನವರಿ 28ರಂದು ಕ್ಯಾಲಿಫೋರ್ನಿಯಾದ ಲಾಸ್ ಗ್ಯಾಟೋಸ್ ಕಣಿವೆಯಲ್ಲಿ ವಿಮಾನವೊಂದು ಬಿದ್ದು 32 ಜನ ಸತ್ತರು. ಅವರಲ್ಲಿ 28 ಮಂದಿ ಗಡಿಯಾಚೆ ಕಳುಹಿಸಲಾಗುತ್ತಿದ್ದ ಮೆಕ್ಸಿಕೋದ ಕೃಷಿ ಕೂಲಿಕಾರರು. ಅನೇಕ ವರದಿಗಳಲ್ಲಿ ಸಿಬ್ಬಂದಿಯ ಹೆಸರಿತ್ತು, ಕೂಲಿಕಾರರದು ಇರಲಿಲ್ಲ. ಅಮೆರಿಕದ ಜನಪದ ಹಾಡುಗಾರ ವುಡಿ ಗಥ್ರಿ ಅದರ ಮೇಲೆ ಪದ್ಯ ಬರೆದ. ಮಟ್ಟು ಹಾಕಿದವನು ಮಾರ್ಟಿನ್ ಹಾಫ್‌ಮನ್, ಅದೂ ಕೆಲವು ವರ್ಷಗಳ ನಂತರ. ಫ್ರೆಸ್ನೋದ ಸ್ಮಶಾನದಲ್ಲಿ ಆ 28 ಹೆಸರುಗಳ ಕಲ್ಲು ನಿಂತದ್ದು 2013ರಲ್ಲಿ. ಆ ಹಾಡಿನ ಪಲ್ಲವಿ ವ್ಯಕ್ತಿಗಳನ್ನು ಹೆಸರಿಟ್ಟು ಕರೆದು ಬೀಳ್ಕೊಡುತ್ತದೆ, ಮತ್ತೆ ಆ ಹೆಸರುಗಳು ಅಳಿದು ಬರಿಯ ‘ಗಡೀಪಾರಾದವರು’ ಎಂಬ ಹಣೆಪಟ್ಟಿ ಉಳಿಯುತ್ತದೆ ಎನ್ನುತ್ತದೆ. ಮಟ್ಟು ಪ್ರತಿಸಲವೂ ಅದೇ. ಆದರೆ ಪ್ರತಿ ಚರಣ ಮುಗಿದಾಗ ಪಲ್ಲವಿಯ ತೂಕ ಏರಿರುತ್ತದೆ. ಜನಪದ ಗೀತೆಯ ಚರಣ–ಪಲ್ಲವಿಯ ಸರಳ ಕಟ್ಟಡ ಮಾಡುವ ದೊಡ್ಡ ಕೆಲಸ ಇದೇ. ಹಾಗಾಗಿ ಅರ್ಧ ನಿಮಿಷದ ತುಣುಕು ಕೇಳಿಸಿದರೆ ಇಂಥ ಹಾಡಿನ ಅಧ್ಯಯನವೇ ಕೆಡುತ್ತದೆ, ಪೂರ್ತಿ ಕೇಳಿಸಿ.

ಸರ್ವನಾಮವೂ ಅಷ್ಟೇ ಮುಖ್ಯ. ಕನ್ನಡದ ‘ನಾವು’ ಕೇಳುಗನನ್ನು ಸೇರಿಸಿಕೊಂಡೂ ಆಗುತ್ತದೆ, ಹೊರಗಿಟ್ಟೂ ಆಗುತ್ತದೆ. ತೆಲುಗಿನಲ್ಲಿ ಇವಕ್ಕೆ ಕ್ರಮವಾಗಿ ‘ಮನಮು’, ‘ಮೇಮು’ ಎಂದು ಎರಡುಂಟು. ಅನುವಾದಿತ ಸಾಹಿತ್ಯ ಹಂಚುವಾಗ ಈ ಒಂದು ಪದ ಹಾಡಿನ ಅರ್ಥವನ್ನೇ ತಿರುಗಿಸೀತು. ಚರಣ ಚರಣಕ್ಕೂ ‘ನಾನು, ನಾವು, ನೀವು, ಅವರು’ ಎಲ್ಲೆಲ್ಲಿ ಬದಲಾಗುತ್ತದೆ ಎಂದು ಮೊದಲೇ ಗುರುತು ಹಾಕಿಕೊಳ್ಳಿ. ಪ್ರತಿಕ್ರಿಯೆ ಕವಲೊಡೆಯುವುದು ಅಲ್ಲಿಯೇ ಇರಬಹುದು.

ಕೇಳಿಸುವ ಕ್ರಮ

ತರಗತಿಯ ಅಭ್ಯಾಸಕ್ಕೆ 20–30 ಕೇಳುಗರು ಸಾಕು. ಒಬ್ಬೊಬ್ಬರಿಗೇ ಹೆಡ್‌ಫೋನಿನಲ್ಲಿ ಕೇಳಿಸಿ. ಗುಂಪಿನಲ್ಲಿ ಒಬ್ಬರು ಕಣ್ಣೊರೆಸಿಕೊಂಡರೆ ಪಕ್ಕದವರ ಉತ್ತರವೂ ಬದಲಾಗುತ್ತದೆ. ಶೀರ್ಷಿಕೆ ಹೇಳಬೇಡಿ, ‘ಇದೊಂದು ವಲಸೆಯ ಹಾಡು’ ಎಂಬ ಪೀಠಿಕೆಯೂ ಬೇಡ. ಕೇಳುವ ಮುಂಚಿನ ಮನಸ್ಥಿತಿಗೆ 0–10ರಲ್ಲಿ ಒಂದು ಅಂಕ ಪಡೆಯಿರಿ, ಇಲ್ಲವಾದರೆ ಬೆಳಗಿನಿಂದಲೇ ಇದ್ದ ಬೇಜಾರು ಹಾಡಿನ ಲೆಕ್ಕಕ್ಕೆ ಸೇರುತ್ತದೆ.

ಮೊದಲ ಸಲ ಸಾಹಿತ್ಯದ ಹಾಳೆ ಇಲ್ಲದೆ, ಎರಡನೆಯ ಸಲ ಹಾಳೆಯೊಂದಿಗೆ. ಭಾಷೆ ಬಾರದವರಲ್ಲಿ ಎರಡರ ನಡುವಿನ ಅಂತರ ದೊಡ್ಡದಿದ್ದರೆ ಪದಗಳ ಪಾಲು ಹೆಚ್ಚಿರಬಹುದು. ಆದರೆ ಎರಡನೆಯ ಸಲಕ್ಕೆ ಮಟ್ಟಿನ ಪರಿಚಯವೂ ಆಗಿರುತ್ತದಲ್ಲ? ಅದಕ್ಕೇ ಸಣ್ಣದೊಂದು ಗುಂಪಿಗೆ ಎರಡೂ ಸಲ ಹಾಳೆಯಿಲ್ಲದೆ ಕೇಳಿಸಿ ಹೋಲಿಸಬೇಕು. ಮನಸ್ಸು ತಟ್ಟಿದ ಕ್ಷಣದಲ್ಲಿ ಗುಂಡಿ ಒತ್ತಲು ಹೇಳಿದ್ದರೆ, ಒತ್ತುವುದು ಕೆಲವು ಸೆಕೆಂಡು ತಡವಾಗುತ್ತದೆಂದು ನೆನಪಿಡಿ. ಗುರುತು ಮೂರನೆಯ ಸಾಲಿನ ಮೇಲಿದ್ದರೂ ಕಾರಣ ಎರಡನೆಯ ಸಾಲಾಗಿರಬಹುದು.

ವಲಸೆಯ ಹಿನ್ನೆಲೆ, ಮನೆಮಾತು, ಹಾಡಿನ ಪರಿಚಯ, ಇವನ್ನೆಲ್ಲ ಕೇಳುವುದು ಕೊನೆಗೆ. ಮೊದಲೇ ‘ನೀವು ಊರು ಬಿಟ್ಟು ಎಷ್ಟು ವರ್ಷ?’ ಎಂದರೆ ಆ ನೆನಪನ್ನು ಕೆದಕಿದವರು ನೀವೇ ಆಗುತ್ತೀರಿ, ಹಾಡಲ್ಲ. ಬಲವಂತವಾಗಿ ಊರು ಬಿಟ್ಟವರು ಕೇಳುಗರಲ್ಲಿರಬಹುದು. ಯಾವಾಗ ಬೇಕಾದರೂ ನಿಲ್ಲಿಸಬಹುದೆಂದು ಮೊದಲೇ ತಿಳಿಸಿ, ನಿಲ್ಲಿಸಿದವರನ್ನು ಕಾರಣ ಕೇಳಬೇಡಿ.

ಭಾವಗಳ ಪಟ್ಟಿಗೆ ಝೆಂಟ್ನರ್, ಗ್ರಾಂಜಾನ್, ಶೆರರ್ 2008ರಲ್ಲಿ ಪ್ರಕಟಿಸಿದ, ಸಂಗೀತದ ಭಾವ ಅಳೆಯುವ ಜಿನೀವಾ ಮಾಪಕ ಒಳ್ಳೆಯ ಆರಂಭ. ಅದರ ಒಂಬತ್ತು ಗುಂಪುಗಳಲ್ಲಿ ದುಃಖವೂ ಗತಕಾಲದ ಹಂಬಲವೂ ಬೇರೆಯಾಗಿವೆ. ಆದರೆ ನಾಚಿಕೆಗೆ, ತಪ್ಪಿತಸ್ಥ ಭಾವಕ್ಕೆ, ಸಿಟ್ಟಿಗೆ ಅದರಲ್ಲಿ ಪ್ರತ್ಯೇಕ ಗುಂಪಿಲ್ಲ. ವಲಸೆಯ ಹಾಡಿಗೆ ಈ ಮೂರನ್ನೂ ಸೇರಿಸಲೇಬೇಕು. ದೈಹಿಕ ಚಿಹ್ನೆಗಳಿಗೆ ಭರತನ ಎಂಟು ಸಾತ್ವಿಕ ಭಾವಗಳೇ ಸಾಕೆನಿಸುವಷ್ಟು ಅನುಕೂಲ: ರೋಮಾಂಚ, ಅಶ್ರು, ಸ್ವರಭಂಗ (ದನಿ ಒಡೆಯುವುದು), ಕಂಪನ ಮುಂತಾದವು. ಗಂಟಲು ಕಟ್ಟಿದ್ದನ್ನು ಮಾತ್ರ ಬೇರೆಯಾಗಿ ಬರೆಸಿಕೊಳ್ಳಿ. ಸುಮ್ಮನೆ ಕೇಳುತ್ತಿದ್ದವರ ಸ್ವರಭಂಗ ಯಾರಿಗೂ ಕೇಳಿಸದು.

ವಿಂಗಡಣೆಯಲ್ಲಿ ಎಡವುವ ಕಡೆ

ಸರಾಸರಿಯನ್ನು ನಂಬಬೇಡಿ. ಹತ್ತು ಜನರಲ್ಲಿ ಐವರು 9, ಐವರು 1 ಕೊಟ್ಟರೆ ಸರಾಸರಿ 5. ಅಲ್ಲಿ 5ರಷ್ಟು ಭಾವ ಒಬ್ಬರಿಗೂ ಆಗಿಲ್ಲ. ಇಂಥ ಹಾಡುಗಳಲ್ಲಿ ಅಂಕಗಳು ಹೀಗೆ ಎರಡು ಗುಡ್ಡೆಯಾಗುವ ಸಂಭವ ಹೆಚ್ಚು, ಹಾಗಾಗಿ ಮೊದಲು ಅವುಗಳ ನಕ್ಷೆ ಬಿಡಿಸಿ ನೋಡಿ.

ಬರಹದ ಉತ್ತರಗಳನ್ನು ಇಬ್ಬರು ಪರಸ್ಪರ ನೋಡದೆ ‘ಸಾಪೇಕ್ಷ’, ‘ನಿರಪೇಕ್ಷ’ ಎಂದು ಗುರುತಿಸಬೇಕು. ಒಪ್ಪಿಗೆಯ ಶೇಕಡಾವಾರು ಕೊಟ್ಟು ಸುಮ್ಮನಾಗುವಂತಿಲ್ಲ, ಕಾಕತಾಳೀಯ ಒಪ್ಪಿಗೆಯನ್ನು ಕಳೆಯುವ ಕೋಹೆನ್ ಕಪ್ಪಾ ಎಂಬ ಅಳತೆ ಬೇಕು. ಲೆಕ್ಕಕ್ಕೊಂದು ಕಲ್ಪಿತ ಉದಾಹರಣೆ: 50 ಉತ್ತರ. ಇಬ್ಬರೂ ಸಾಪೇಕ್ಷ ಎಂದದ್ದು 22, ಇಬ್ಬರೂ ನಿರಪೇಕ್ಷ ಎಂದದ್ದು 18, ಮೊದಲನೆಯವರಷ್ಟೇ ಸಾಪೇಕ್ಷ ಎಂದದ್ದು 6, ಎರಡನೆಯವರಷ್ಟೇ ಎಂದದ್ದು 4. ಒಪ್ಪಿಗೆ 40/50, ಅಂದರೆ 0.80. ಮೊದಲನೆಯವರ ಸಾಪೇಕ್ಷ 28, ಎರಡನೆಯವರದು 26. ಕಾಕತಾಳೀಯ ಒಪ್ಪಿಗೆ (28×26 + 22×24) ÷ 2500 = 0.502. ಕಪ್ಪಾ (0.80 − 0.502) ÷ (1 − 0.502), ಸುಮಾರು 0.60. ಶೇಕಡಾ 80 ಎಂದಾಗ ಭರ್ಜರಿಯಾಗಿ ಕಂಡದ್ದು ಇಲ್ಲಿ ಸಾಧಾರಣವಾಗುತ್ತದೆ.

ಉಳಿದ ಹತ್ತು ಉತ್ತರಗಳನ್ನು ಎಸೆಯಬೇಡಿ, ಇಬ್ಬರೂ ಕೂತು ಮತ್ತೆ ಓದಿ. ‘ಹೋಗಬೇಕು ಅನ್ನಿಸುತ್ತೆ, ಹೋದರೆ ಅಲ್ಲಿ ನನ್ನನ್ನು ಗುರುತಿಸುವವರು ಯಾರು’ ಎಂಬಂಥ ಉತ್ತರ ಎರಡು ಪೆಟ್ಟಿಗೆಗೂ ಹೊಂದುವುದಿಲ್ಲ. ಅದಕ್ಕೆ ಮೂರನೆಯ ಗುರುತೊಂದನ್ನು ಮಾಡಿ, ಎಲ್ಲ 50ನ್ನೂ ಹೊಸದಾಗಿ ವಿಂಗಡಿಸಬೇಕಾಗುತ್ತದೆ.