ಮೊದಲು ಹೊಟ್ಟೆ ತೊಳಸುತ್ತದೆ, ಮನಸ್ಸಿನ ಸರದಿ ಆಮೇಲೆ

ಖಿನ್ನತೆಗೆ ಕೊಡುವ ಎಸ್ಸಿಟಾಲೊಪ್ರಾಮ್, ಸರ್ಟ್ರಲೀನ್‌ನಂಥ ಮಾತ್ರೆಗಳ ಸ್ವಭಾವವೇ ವಿಚಿತ್ರ. ಅಡ್ಡಪರಿಣಾಮಗಳು ಮೊದಲ ವಾರದಲ್ಲೇ ಹಾಜರಾಗುತ್ತವೆ. ಗುಣ ಸರಿಯಾಗಿ ಕಾಣಲು ಕೆಲವು ವಾರಗಳೇ ಬೇಕು. "ಇದು ನನಗೆ ಆಗಿಬರಲಿಲ್ಲ" ಎಂದು ಎಷ್ಟೋ ಜನ ಮಾತ್ರೆ ಬಿಡುವುದು ಈ ನಡುವಿನ ದಿನಗಳಲ್ಲೇ.

ಒಂದು ನರಕೋಶ ಸಿರೊಟೋನಿನ್ ಎಂಬ ಸಂದೇಶವಾಹಕ ರಾಸಾಯನಿಕವನ್ನು ಬಿಡುಗಡೆ ಮಾಡುತ್ತದೆ, ಪಕ್ಕದ ಕೋಶ ಅದನ್ನು ಗ್ರಹಿಸುತ್ತದೆ, ಉಳಿದದ್ದನ್ನು ಮೊದಲ ಕೋಶವೇ ಒಂದು ಸಾಗಣೆ ಪ್ರೋಟೀನಿನ ಮೂಲಕ ವಾಪಸ್ ಎಳೆದುಕೊಳ್ಳುತ್ತದೆ. ಮಾತ್ರೆ ಆ ಪ್ರೋಟೀನಿಗೆ ಅಂಟಿಕೊಂಡು ದಾರಿ ಕಟ್ಟಿಬಿಡುತ್ತದೆ. ಇಷ್ಟಾಗಲು ಕೆಲವೇ ಗಂಟೆ ಸಾಕು. ಮತ್ತೆ ಮನಸ್ಸು ವಾರಗಟ್ಟಲೆ ಕಾಯಿಸುವುದೇಕೆ? 'ಸಿರೊಟೋನಿನ್ ಕಮ್ಮಿಯಾಗಿದೆ, ತುಂಬಿಸಿದರೆ ಸರಿಹೋಗುತ್ತದೆ' ಎಂಬ ಜನಪ್ರಿಯ ವಿವರಣೆ ಮುಗ್ಗರಿಸುವುದು ಇಲ್ಲಿಯೇ. ಸಿರೊಟೋನಿನ್ ಏರಿದೊಡನೆ, ಅದನ್ನು ಬಿಡುವ ಕೋಶಗಳ ಮೇಲೆ ಅದನ್ನು ಗುರುತಿಸುವ ಗ್ರಾಹಕಗಳು (ರಿಸೆಪ್ಟರ್) 'ಸಾಕು' ಎಂದು ಬಿಡುಗಡೆಗೆ ಕಡಿವಾಣ ಹಾಕುತ್ತವೆ. ಅವು ಮೊಂಡಾಗಲು ಸಮಯ ಹಿಡಿಯುತ್ತದೆ. ಆ ವಾರಗಳಲ್ಲಿ ನರಕೋಶಗಳ ನಡುವಿನ ಸಂಪರ್ಕಗಳೂ ಬದಲಾಗುತ್ತವೆ ಎಂದು ಪ್ರಾಣಿಗಳ ಮೇಲಿನ ಪ್ರಯೋಗಗಳು ಸೂಚಿಸಿವೆ. ಪೂರ್ಣ ಚಿತ್ರ ಇನ್ನೂ ಯಾರ ಕೈಗೂ ಸಿಕ್ಕಿಲ್ಲ. ಅಷ್ಟಕ್ಕೂ ಖಿನ್ನತೆಯ ಔಷಧಗಳ ಚರಿತ್ರೆ ಶುರುವಾದದ್ದೇ ಆಕಸ್ಮಿಕವಾಗಿ: 1950ರ ದಶಕದ ಆರಂಭದಲ್ಲಿ ಕ್ಷಯಕ್ಕೆಂದು ಇಪ್ರೋನಿಯಾಜಿಡ್ ಎಂಬ ಔಷಧ ಕೊಟ್ಟಾಗ ರೋಗಿಗಳು ಅನಿರೀಕ್ಷಿತವಾಗಿ ಲವಲವಿಕೆಯಿಂದ ಓಡಾಡತೊಡಗಿದ್ದರು.

ಇನ್ನು ಹೊಟ್ಟೆಯ ವಿಷಯ. ದೇಹದ ಸಿರೊಟೋನಿನ್‌ನಲ್ಲಿ ಸುಮಾರು 90% ಇರುವುದು ಕರುಳಿನಲ್ಲಿ. ಮಾತ್ರೆಗೆ ಮಿದುಳು ಯಾವುದು, ಕರುಳು ಯಾವುದು ಎಂಬ ಭೇದವಿಲ್ಲ. ಹಾಗಾಗಿ ವಾಕರಿಕೆ, ಭೇದಿ. ಬಹುಪಾಲು ಜನರಲ್ಲಿ ಇವು ಒಂದೆರಡು ವಾರದಲ್ಲಿ ತಗ್ಗುತ್ತವೆ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳೂ ಮಾತ್ರೆ ತಡೆಯುವ ಅದೇ ಸಾಗಣೆ ಪ್ರೋಟೀನಿನಿಂದಲೇ ಸಿರೊಟೋನಿನ್ ತುಂಬಿಕೊಳ್ಳುತ್ತವೆ. ಮಂಡಿನೋವಿಗೆಂದು ಜೊತೆಗೆ ಐಬುಪ್ರೊಫೆನ್ ನುಂಗುವವರಿಗೆ ಹೊಟ್ಟೆಯೊಳಗೆ ರಕ್ತಸ್ರಾವದ ಅಪಾಯ ಹೆಚ್ಚುವುದು ಇದರಿಂದ. ವಾಕರಿಕೆ, ಭೇದಿಯಂತೆ ತಗ್ಗದೆ ಉಳಿಯಬಲ್ಲದ್ದು ಲೈಂಗಿಕ ಆಸಕ್ತಿ ಕುಗ್ಗುವ ತೊಂದರೆ. ರೋಗಿ ಸಂಕೋಚದಿಂದ ಹೇಳುವುದಿಲ್ಲ, ಡಾಕ್ಟರು ಕೇಳುವುದಿಲ್ಲ. ಕೇಳಲೇಬೇಕು ಎಂಬುದು ನನ್ನ ವಾದ. ಡೋಸ್ ಇಳಿಸಬಹುದು, ಬೇರೆ ಔಷಧವೂ ಇದೆ.

25ರ ಒಳಗಿನವರಲ್ಲಿ ಆರಂಭದ ವಾರಗಳಲ್ಲಿ ಆತ್ಮಹತ್ಯೆಯ ಯೋಚನೆ ಹೆಚ್ಚಬಹುದು ಎಂಬ ಎಚ್ಚರಿಕೆಯನ್ನು ಅಮೆರಿಕದ ಔಷಧ ನಿಯಂತ್ರಕರು 2007ರಿಂದ ಮುದ್ರಿಸುತ್ತಿದ್ದಾರೆ. ಆ ದಿನಗಳಲ್ಲಿ ಮನೆಯವರ ಕಣ್ಣು ಅವರ ಮೇಲಿರಲಿ. ಡಾಕ್ಟರು ತಕ್ಷಣ ಸಿಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು.

ಗುಣವಾಯಿತೆಂದು ಥಟ್ಟನೆ ನಿಲ್ಲಿಸಿದರೆ ತಲೆಸುತ್ತು, ಕಿರಿಕಿರಿ, ತಲೆಯೊಳಗೆ ಶಾಕ್ ಹೊಡೆದಂಥ ಅನುಭವ. ಇದೇ ಗುಂಪಿನ, ದೇಹದಿಂದ ಬೇಗ ಖಾಲಿಯಾಗುವ ಪ್ಯಾರಾಕ್ಸೆಟಿನ್‌ನಲ್ಲಿ ಇದರ ಕಾಟ ಹೆಚ್ಚು, ವಾರಗಟ್ಟಲೆ ಉಳಿಯುವ ಫ್ಲೂಆಕ್ಸೆಟಿನ್‌ನಲ್ಲಿ ಕಮ್ಮಿ. ಅದಕ್ಕೇ ಡಾಕ್ಟರು ಡೋಸನ್ನು ವಾರಗಳಲ್ಲಿ, ಕೆಲವರಿಗೆ ತಿಂಗಳುಗಳಲ್ಲಿ, ಸ್ವಲ್ಪಸ್ವಲ್ಪವಾಗಿ ಇಳಿಸುತ್ತಾರೆ.